ಝತೀಶ್ಯೆಯ ನಾಲ್ಕನೇ ಗುಂಡಿ

1946, ಏಪ್ರಿಲ್ 11

ಲೆನಿನ್‌ಗ್ರಾಡಿನ ಹೊರಗಿನ ಝತೀಶ್ಯೆಗೆ, ನನ್ನ ಹಳೇ ಕೆಲಸದ ಜಾಗಕ್ಕೆ, ತಿರುಗಿ ಬಂದು ಸೇರಿದೆ. ರೈಲು ನಿಲ್ದಾಣವಿದ್ದ ಜಾಗದಲ್ಲಿ ಒಂದು ಸರಕು ಡಬ್ಬಿ ನಿಲ್ಲಿಸಿ ಅದಕ್ಕೇ ಊರಿನ ಹೆಸರಿನ ಹಲಗೆ ಹೊಡೆದಿದ್ದಾರೆ. ಅಲ್ಲಿಂದ ಉದ್ಯಾನದ ಬಾಗಿಲಿಗೆ ಮೊದಲು ಇಪ್ಪತ್ತು ನಿಮಿಷದ ದಾರಿ. ಇವತ್ತು ಒಂದು ಗಂಟೆಯಾಯಿತು. ನೆಲಬಾಂಬು ತೆಗೆದಿರುವ ಕಡೆ ಮಾತ್ರ ಕಾಲಿಡಬೇಕು.

ಅರಮನೆ ನಿಂತಿದೆ. ಮೂರು ದಿನ ರೈಲಿನಲ್ಲಿ ಬರುವಾಗ ಬರೀ ಬೂದಿಗುಡ್ಡೆಯನ್ನೇ ಕಣ್ಣ ಮುಂದೆ ತಂದುಕೊಂಡು ಬಂದಿದ್ದೆ. ಛಾವಣಿ ಅರ್ಧ ಇಲ್ಲ, ಕಿಟಕಿ ಒಂದೂ ಇಲ್ಲ, ಆದರೆ ಗೋಡೆ ನಾಲ್ಕೂ ಇವೆ. ಅಷ್ಟು ಸಾಕು, ಸದ್ಯಕ್ಕೆ.

ತೋಟಗಾರ ಪಹೋಮ್ ಇನ್ನೂ ಇದ್ದಾನೆ. ಜರ್ಮನರಿದ್ದ ಎರಡೂವರೆ ವರ್ಷ ಇಲ್ಲೇ ಇದ್ದನಂತೆ, ಅವರ ಒಲೆ ಉರಿಸಿಕೊಂಡು, ಅವರ ಅಂಗಳ ಗುಡಿಸಿಕೊಂಡು. ನನ್ನನ್ನು ಕಂಡು ಟೋಪಿ ತೆಗೆದ. ನಾನು ಅರ್ಧ ತಲೆಯಾಡಿಸಿ ಮುಂದೆ ಹೋದೆ.

ಕಾವಲುಮನೆಯಲ್ಲಿ ನನಗೆ ಒಂದು ಮೂಲೆ ಕೊಟ್ಟಿದ್ದಾರೆ. ಇನ್ನೊಂದು ಮೂಲೆಯಲ್ಲಿ ಗ್ಲಫೀರಾ ಎಂಬ ಹೆಂಗಸು; ಅವಶೇಷ ತೆರವು ಮಾಡುವ ಹೆಂಗಸರ ತಂಡಕ್ಕೆ ಮೇಸ್ತ್ರಿ. ದನಿ ದೊಡ್ಡದು.

ಏಪ್ರಿಲ್ 14

ಏಳೂ ಕೋಣೆ ನೋಡಿ ಬರೆದುಕೊಂಡೆ. ಇಲ್ಲಿಯೂ ಬರೆದಿಡುತ್ತೇನೆ, ವರದಿಯ ಭಾಷೆಯಲ್ಲಿ ಅಲ್ಲ.

ದುಂಡು ಸಭಾಂಗಣ: ಏಳು ಬಗೆಯ ಮರ ಸೇರಿಸಿ ಹಾಸಿದ್ದ ನೆಲ ಒಂದು ತುಂಡೂ ಇಲ್ಲ. ಉರಿಸಿದ್ದಾರೆ. ಕುದುರೆ ಕಟ್ಟಿದ್ದ ಗುರುತು. ಇಸ್ಪೀಟಿನ ಕೋಣೆ: ಛಾವಣಿಯ ಒಳಮೈಗೆ ಗಾರೆಯಲ್ಲಿ ಮೂಡಿಸಿದ್ದ ಬಳ್ಳಿ ಉದುರಿದೆ. ಕಾಫಿ ಕೋಣೆ: ನೀಲಿ ಹಡಗಿನ ಚಿತ್ರದ ಬಿಲ್ಲೆ ಹೊದಿಸಿದ ಒಲೆ, ಈಗ ಇಟ್ಟಿಗೆಯ ರಾಶಿ. ರೇಷ್ಮೆ ಕೋಣೆ: ಗೋಡೆ ಬೋಳು, ಮೊಳೆ ಸಾಲು ಮಾತ್ರ. ತಿಳಿನೇರಳೆ ಬಣ್ಣದ ಓದುಕೋಣೆ, ಸಣ್ಣ ಊಟದ ಕೋಣೆ, ಕನ್ನಡಿ ಓಣಿ: ಮಳೆ ನೀರು, ಮೊಣಕಾಲೆತ್ತರ ಕಸ.

ಇಲ್ಲಿ ಯಾವ ರಾಣಿಯೂ ಒಂದು ರಾತ್ರಿ ಮಲಗಿದ್ದಿಲ್ಲ. ನೂರ ಎಪ್ಪತ್ತು ವರ್ಷದ ಹಿಂದೆ ಒಬ್ಬ ಸಾಮ್ರಾಜ್ಞಿ ದೊಡ್ಡರಮನೆಯ ಗದ್ದಲದಿಂದ ತಪ್ಪಿಸಿಕೊಂಡು, ತೋಟದಲ್ಲಿ ಸುತ್ತಾಡಿ ಕಾಲು ನೋವಾದಾಗ ಕೂತು ಕಾಫಿ ಕುಡಿಯಲಿ ಅಂತ ಕಟ್ಟಿಸಿದ್ದು. ಝತೀಶ್ಯೆ ಎಂದರೆ ಸದ್ದಿಲ್ಲದ ತಾವು. ಅವಳ ಮೊಮ್ಮಗನ ಹೆಂಡತಿ ಓದುಕೋಣೆ ಮಾಡಿಸಿಕೊಂಡಳು. ಕ್ರಾಂತಿಯಾದ ಮೇಲೆ ಮ್ಯೂಸಿಯಂ ಆಯಿತು. ಭಾನುವಾರ ಕಾರ್ಖಾನೆಯವರು ಹೆಂಡತಿ ಮಕ್ಕಳ ಜೊತೆ ಬಂದು ಬೂಟಿನ ಮೇಲೆ ಬಟ್ಟೆಚೀಲ ಹಾಕಿಕೊಂಡು ನೆಲದ ಮೇಲೆ ಜಾರುತ್ತ ನಗುತ್ತಿದ್ದರು. ನಾನು ಅವರನ್ನು ಗದರುತ್ತಿದ್ದೆ.

ಏಪ್ರಿಲ್ 21

ಈಸ್ಟರ್ ಅಂತೆ. ಗ್ಲಫೀರಾ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಒಂದು ಕೆಂಪು ಮೊಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟಳು. ಹೊಟ್ಟೆ ಸರಿಯಿಲ್ಲ ಎಂದು ವಾಪಸು ಕೊಟ್ಟೆ. "ವಿದ್ಯಾವಂತರ ಹೊಟ್ಟೆನೇ ಬೇರೆ ಬಿಡಿ" ಎಂದು ತಾನೇ ಸುಲಿದು ತಿಂದಳು.

ಮೇ 6

ಜರ್ಮನರು ಬರುವ ಮೊದಲು ಅರಮನೆಯ ಸಾಮಾನು ಹೂತಿಟ್ಟ ನಾಲ್ಕು ಗುಂಡಿಗಳಲ್ಲಿ ಮೂರನೆಯದೂ ಸಿಕ್ಕಿತು. ಅಮೃತಶಿಲೆಯ ಪ್ರತಿಮೆಗಳು, ನಾವು ಹೂತಿಟ್ಟಾಗ ಹೇಗಿದ್ದವೋ ಹಾಗೇ. ಒಂದರ ಕಿವಿಗೆ ಬೇರು ಸುತ್ತಿಕೊಂಡಿತ್ತು, ಅಷ್ಟೆ. ಹೆಂಗಸರು ತಮ್ಮ ತಲೆವಸ್ತ್ರದಿಂದ ಮಣ್ಣು ಒರೆಸಿದರು.

ಉಳಿದಿರುವುದು ನಾಲ್ಕನೆಯದು.

ಮೇ 12

ನಗರದಿಂದ ಕಾಗದ. ಜುಲೈ ಮೊದಲ ವಾರ ಸಮಿತಿ ಬರುತ್ತದೆ. ಯಾವ ಅರಮನೆಯನ್ನು ಮತ್ತೆ ಕಟ್ಟುವುದು, ಯಾವುದನ್ನು ಕೈಬಿಡುವುದು ಎಂದು ಪಟ್ಟಿ ಮಾಡುತ್ತಾರೆ. ಕೈಬಿಟ್ಟದ್ದರ ಇಟ್ಟಿಗೆ ಮನೆ ಕಟ್ಟಲು ಹೋಗುತ್ತದೆ. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಜನ ನೆಲಮಾಳಿಗೆಯಲ್ಲಿ ಬದುಕುತ್ತಿದ್ದಾರೆ. ಕಾಗದದಲ್ಲಿ ಒಂದು ಸಾಲು ಇದೆ: ಒಳಾಂಗಣದ ಮೂಲ ಮಾದರಿಗಳು ಎಷ್ಟು ಉಳಿದಿವೆ ಎಂಬುದರ ಮೇಲೆ ತೀರ್ಮಾನ.

ಝತೀಶ್ಯೆಯ ಮಾದರಿಗಳೆಲ್ಲ ನಾಲ್ಕನೇ ಗುಂಡಿಯಲ್ಲಿವೆ.

ಇದನ್ನು ಇಷ್ಟು ದಿನ ಬರೆದಿರಲಿಲ್ಲ. 41ರ ಆಗಸ್ಟ್ ಕೊನೆ. ಪಿಂಗಾಣಿ, ಗಡಿಯಾರ, ಕುರ್ಚಿ ಹೊತ್ತ ಕೊನೇ ಲಾರಿ ಹೊರಡುವುದರಲ್ಲಿತ್ತು. ಇನ್ನೊಂದು ಲಾರಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನಮ್ಮ ಹಿರಿಯ ಪಾಲಕರು ಆರ್ಸೆನಿ ಗವ್ರಿಲೊವಿಚ್ ನನ್ನ ಕೈಗೆ ಕತ್ತರಿ ಕೊಟ್ಟು, ರೇಷ್ಮೆ ಕೋಣೆಯ ಗೋಡೆಯಿಂದ ಒಂದು ಮೊಳ ಕತ್ತರಿಸು ಎಂದರು, ಬೆಳ್ಳಿ ಬಣ್ಣದ ಮೇಲೆ ಹಕ್ಕಿ ಪೂರ್ತಿ ಬರುವ ಹಾಗೆ. ನಾನು ಆಗುವುದಿಲ್ಲ ಎಂದೆ. ಏಳು ವರ್ಷ ಆ ರೇಷ್ಮೆಗೆ ಬಿಸಿಲು ಬೀಳದ ಹಾಗೆ ಪರದೆ ಎಳೆದವಳು ನಾನು. ಅವರು ಹೇಳಿದರು: "ಅಗ್ನಿಯಾ, ಒಂದೊಂದು ಕೋಣೆಯಿಂದ ಒಂದೊಂದು ತುಂಡು ಇದ್ದರೆ ಮತ್ತೆ ಮಾಡಬಹುದು. ಒಂದೂ ಇಲ್ಲದಿದ್ದರೆ ಬರೀ ನೆನಪು ಮಾಡಿಕೊಳ್ಳಬಹುದು." ಕತ್ತರಿಸಿದೆ. ಆಮೇಲೆ ಅವರ ಜೊತೆ ಮಾತು ಬಿಟ್ಟೆ. ನಾನು ಲಾರಿ ಹತ್ತುವಾಗ ಅವರು ಕೆಳಗಿನಿಂದ ಕೈ ಬೀಸಿದರು, ನಾನು ಪೆಟ್ಟಿಗೆಯ ಹಗ್ಗ ಬಿಗಿ ಮಾಡುತ್ತಿದ್ದ ಹಾಗೆ ನಟಿಸಿದೆ.

ಅವರು ಮುತ್ತಿಗೆಯಲ್ಲಿ ಲೆನಿನ್‌ಗ್ರಾಡಿನಲ್ಲಿ ಹಸಿವಿನಿಂದ ತೀರಿಕೊಂಡರು. 42ರ ಫೆಬ್ರವರಿ 11. ಯುರಾಲ್ ಆಚೆ ಪೆಟ್ಟಿಗೆ ಕಾಯುತ್ತ ಕೂತಿದ್ದ ನನಗೆ ಒಂದೂವರೆ ವರ್ಷದ ಮೇಲೆ ತಿಳಿಯಿತು. ಎಲ್ಲರ ಜೊತೆ ಒಂದೇ ಕಂದಕದಲ್ಲಿ ಹಾಕಿದ್ದಾರೆ. ನಾನು ಹೋದ ಮೇಲೆ ನಾಲ್ಕನೇ ಗುಂಡಿ ಮುಚ್ಚಿಸಿ ಅವರು ಕಳಿಸಿದ್ದ ನಕಾಶೆ ನನ್ನ ಬಳಿ ಇದೆ: "ಹಳೇ ಓಕ್ ಮರದಿಂದ ಕೊಳದ ಕಡೆ ಅರವತ್ತೆರಡು ಹೆಜ್ಜೆ." ಓಕ್ ಮರ ಈಗಿಲ್ಲ. ಬುಡ ಹುಡುಕಬೇಕು.

ಮೇ 19

ಬುಡ ಸಿಕ್ಕಿತು. ಅಲ್ಲಿಂದ ಅರವತ್ತೆರಡು ಹೆಜ್ಜೆ ಅಳೆದು ಅಗೆದೆವು, ಸಿಗಲಿಲ್ಲ. ಆರ್ಸೆನಿ ಗವ್ರಿಲೊವಿಚರ ಹೆಜ್ಜೆ ಎಷ್ಟು ಉದ್ದ? ಗ್ಲಫೀರಾ ಕೇಳಿದಳು, ಆತ ಎತ್ತರವೋ ಗಿಡ್ಡವೋ. ಗಿಡ್ಡ, ಆದರೆ ಬಿರುಸಿನ ನಡಿಗೆ. ಹಾಗಾದರೆ ಹೀಗೆ, ಎಂದು ಅವಳು ಎದೆ ಮುಂದೆ ಮಾಡಿ ದಾಪುಗಾಲು ಹಾಕಿ ತೋರಿಸಿದಳು. ಅವರನ್ನು ಕಂಡವಳೇ ಅಲ್ಲ. ಆದರೂ ಥೇಟ್ ಹಾಗೇ ಇತ್ತು. ನಗು ಬಂತು.

ಮೇ 26, ಭಾನುವಾರ

ಗುಂಡಿ ಸಿಕ್ಕಿತು. ಬರಿದು.

ಎರಡು ಮೀಟರ್ ಆಳದಲ್ಲಿ ನಮ್ಮವರು ಸುರಿದಿದ್ದ ಮರಳು, ಕೊಳೆತ ತಾಡಪಾಲು, ಪೆಟ್ಟಿಗೆಗಳ ಕೆಳಗೆ ಇಟ್ಟಿದ್ದ ಎರಡು ಅಡ್ಡಮರ. ಪೆಟ್ಟಿಗೆ ಇಲ್ಲ. ಯಾರೋ ತೆಗೆದು ಮತ್ತೆ ಮುಚ್ಚಿದ್ದಾರೆ, ನೀಟಾಗಿ, ಮೇಲೆ ಹುಲ್ಲಿನ ಹೆಂಟೆ ಜೋಡಿಸಿ.

ತೋಟಗಾರ ದೂರದಲ್ಲಿ ಒಂಟಿಗಾಲಿಯ ತಳ್ಳುಗಾಡಿ ಹಿಡಿದು ನಿಂತಿದ್ದ. ನಾನು ನೋಡಿದ್ದೇ ತಲೆ ತಗ್ಗಿಸಿ ಗಾಡಿ ತಿರುಗಿಸಿಕೊಂಡು ಹೋದ.

ಹುಲ್ಲಿನ ಹೆಂಟೆ ಹಾಗೆ ಜೋಡಿಸಲು ಬರುವವರು ಇಲ್ಲಿ ಒಬ್ಬರೇ.

ಮೇ 27

ಕೆಲಸಕ್ಕೆ ಹೋಗಲಿಲ್ಲ.

ಜೂನ್ 3

ಉದ್ಯಾನದ ಮುಖ್ಯಸ್ಥ ಗುಝೊವ್ ಕರೆಸಿದ. ಒಂದು ತೋಳಿಲ್ಲದ ಮನುಷ್ಯ, ಸದಾ ಸುಸ್ತಾಗಿರುವವನು. ಕೆಟ್ಟವನಲ್ಲ. ಸರ್ಕಾರದ ಆಸ್ತಿ ಕಳೆದಿದೆ, ಯಾರ ಮೇಲಾದರೂ ಹೊಣೆ ಬರಲೇಬೇಕು, ತನ್ನ ಮೇಲೂ ಬರಬಹುದು ಎಂದು ಅವನಿಗೆ ಹೆದರಿಕೆ. ಗುಂಡಿಯ ಜಾಗ ಯಾರಿಗೆಲ್ಲ ಗೊತ್ತಿತ್ತು ಎಂದು ಕೇಳಿದ. ಆರ್ಸೆನಿ ಗವ್ರಿಲೊವಿಚ್, ನಾನು, ಅಗೆದ ಇಬ್ಬರು ಕೆಲಸಗಾರರು (ಇಬ್ಬರೂ ಯುದ್ಧದಲ್ಲಿ ಸತ್ತರು), ಮತ್ತೆ ತೋಟಗಾರ, ಎಂದೆ.

"ಅಂದರೆ ಬದುಕಿರೋರು ನೀವಿಬ್ಬರು" ಎಂದ ಗುಝೊವ್. "ನೀವು ಯುರಾಲ್‌ನಲ್ಲಿದ್ರಿ."

ತೋಟಗಾರ ಜರ್ಮನರಿಗೆ ಜಾಗ ತೋರಿಸಿದ ಎಂದು ನನಗೆ ಅನುಮಾನವಿದೆ ಅಂತ ನಾನು ಬರೆದುಕೊಡಬೇಕು. ಉಳಿದದ್ದನ್ನು ತನಿಖೆಯವರು ನೋಡಿಕೊಳ್ಳುತ್ತಾರೆ. ಮುಂದಿನ ಸೋಮವಾರದೊಳಗೆ. ಮುದುಕನಿಗೆ ಅರವತ್ತೆಂಟು. ಕರೆದುಕೊಂಡು ಹೋದರೆ ತಿರುಗಿ ಬರುವ ವಯಸ್ಸಲ್ಲ. ಅದು ನನಗೂ ಗೊತ್ತು, ಗುಝೊವನಿಗೂ ಗೊತ್ತು. ಅವನು ಮೇಜಿನ ಮೇಲಿನ ಮಸಿಯ ಕಲೆ ಉಜ್ಜುತ್ತ ಕೂತಿದ್ದ.

ಬರೆದುಕೊಡುತ್ತೇನೆ ಎಂದು ಬಂದೆ. ನನಗೆ ನಿಜಕ್ಕೂ ಅನುಮಾನವಿದೆಯಲ್ಲ.

ಜೂನ್ 5

ಎರಡು ಸಲ ಬರೆದು ಹರಿದೆ. ವಾಕ್ಯ ಕೂರುತ್ತಿಲ್ಲ. "ಅನುಮಾನವಿದೆ" ಎಂದರೆ ಕಡಿಮೆಯಾಗುತ್ತದೆ, "ಖಾತ್ರಿಯಿದೆ" ಎಂದರೆ ಸುಳ್ಳಾಗುತ್ತದೆ.

ಗ್ಲಫೀರಾ ತುರಿಕೆ ಸೊಪ್ಪಿನ ಸಾರು ಮಾಡಿದ್ದಳು, ನಾನೂ ಕೂತು ಉಂಡೆ. ಅವಳಿಗೆ ವಿಷಯ ಹೇಳಿದೆ. ಅಜ್ಜನನ್ನು ಕೇಳಿದಿರಾ ಎಂದಳು. ಏನಂತ ಕೇಳುವುದು, ಕದ್ದವನು ಹೌದು ಅಂತಾನಾ, ಎಂದೆ. ಅವಳು ಚಮಚ ಕೆಳಗಿಟ್ಟಳು.

"ಎರಡು ತಿಂಗಳಿಂದ ನೋಡ್ತಿದ್ದೀನಿ, ಅಗ್ನಿಯಾ ರೊಮಾನೊವ್ನಾ. ಅಮೃತಶಿಲೆ ಬೊಂಬೆ ಜೊತೆನಾದ್ರೂ ಮಾತಾಡ್ತೀರಿ. ಆ ಅಜ್ಜನಿಗೆ ಒಂದು ನಮಸ್ಕಾರ ಹೇಳಿದ್ದು ನಾನು ಕಾಣೆ. ಜರ್ಮನರ ಒಲೆ ಉರಿಸಿದ, ಸರಿ. ನಾನು ಅವರ ಬಟ್ಟೆ ಒಗೆದಿದ್ದೀನಿ ಪ್ಸ್ಕೋವ್‌ನಲ್ಲಿ, ಬಂದೂಕು ಬೆನ್ನಿಗಿತ್ತು. ನನ್ನ ಮೇಲೂ ಒಂದು ಕಾಗದ ಬರೀತೀರಾ?"

ನಾನು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟೆ. ಸಾರು ಚೆನ್ನಾಗಿತ್ತು.

ಜೂನ್ 8, ಶನಿವಾರ

ಹೇಗೆ ಬರೆಯಲಿ. ಆದದ್ದು ಆದ ಹಾಗೆ ಬರೆಯುತ್ತೇನೆ.

ನಾಳೆ ತ್ರೋಯಿತ್ಸಾ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಹಬ್ಬ. ಹಿಂದಿನ ದಿನ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಬರ್ಚ್ ಕೊಂಬೆ ತೆಗೆದುಕೊಂಡು ಹೋಗುತ್ತಾರೆ. ಗ್ಲಫೀರಾಳವರು ಯಾರೂ ಇಲ್ಲಿಲ್ಲ, ಆದರೂ ಹೊರಟಳು. ಯಾರೂ ಬಾರದ ಗೋರಿಗೆ ಒಂದು ಕೊಂಬೆ ಇಟ್ಟರೆ, ಅವಳ ತಮ್ಮಂದಿರು ಬಿದ್ದಿರುವ ಕಡೆ ಇನ್ನ್ಯಾರೋ ಒಂದು ಇಡುತ್ತಾರೆ ಎಂದು ಅವಳ ಲೆಕ್ಕ. ನನ್ನನ್ನೂ ಎಳೆದುಕೊಂಡು ಹೋದಳು. ಬಂದ ಮೇಲೆ ನಾನು ಸ್ಮಶಾನದ ಕಡೆ ಹೋಗಿರಲಿಲ್ಲ. ಉದ್ಯಾನದ ಹಿಂದಿನ ಗುಡ್ಡ, ಮರದ ಶಿಲುಬೆಗಳು, ಎದೆಯುದ್ದ ಹುಲ್ಲು.

ಒಂದು ಮೂಲೆಯಲ್ಲಿ ಎರಡು ಗೋರಿ ಅಕ್ಕಪಕ್ಕ. ಹುಲ್ಲು ಕತ್ತರಿಸಿ, ಅಂಚಿಗೆ ಬಿಳಿ ಕಲ್ಲಿಟ್ಟು, ಪ್ಯಾನ್ಸಿ ಹೂ ನೆಟ್ಟಿದ್ದರು. ಮೊದಲನೇ ಶಿಲುಬೆಯಲ್ಲಿ: ಮಾವ್ರಾ, ಪಹೋಮನ ಹೆಂಡತಿ. ಎರಡನೆಯದರಲ್ಲಿ, ಉಳಿಯಿಂದ ಕೊರೆದ ಸೊಟ್ಟ ಅಕ್ಷರದಲ್ಲಿ, ಆರ್ಸೆನಿ ಗವ್ರಿಲೊವಿಚರ ಹೆಸರು. ಪೂರ್ತಿ ಹೆಸರು. ಕುಲನಾಮ ಸಹಿತ.

ಅವರು ಇಲ್ಲಿರಲು ಸಾಧ್ಯವಿಲ್ಲ. ಲೆನಿನ್‌ಗ್ರಾಡಿನ ಕಂದಕದಲ್ಲಿದ್ದಾರೆ, ನನ್ನ ಬಳಿ ಕಾಗದವಿದೆ.

ಹಿಂದಿನಿಂದ ಯಾರೋ ಕೆಮ್ಮಿದರು. ಪಹೋಮ್ ಸವೇಲ್ಯಿಚ್, ಎರಡು ಕೈಯಲ್ಲಿ ಬರ್ಚ್ ಕೊಂಬೆ. ನನ್ನನ್ನು ನೋಡಿ ಅಲ್ಲೇ ನಿಂತರು. ಇದು ಯಾರ ಗೋರಿ ಎಂದು ಕೇಳಿದೆ.

"ಯಾರದೂ ಅಲ್ಲ, ತಾಯಿ" ಎಂದರು. "ಅದರಲ್ಲಿ ನಿಮ್ಮ ಪೆಟ್ಟಿಗೆ ಇದಾವೆ."

ಆಮೇಲೆ ಹೇಳಿದ್ದನ್ನು ನಾನು ಜೋಡಿಸಿ ಬರೆಯುತ್ತಿದ್ದೇನೆ. ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು. 42ರ ಅಕ್ಟೋಬರ್‌ನಲ್ಲಿ ಜರ್ಮನರು ಓಕ್ ಮರಕ್ಕೂ ಕೊಳಕ್ಕೂ ನಡುವೆ ಬಂಕರಿಗೆ ಗುರುತು ಹಾಕಿದರು. ಎರಡು ದಿನದಲ್ಲಿ ಅಗೆಯುವವರಿದ್ದರು (ಕೊನೆಗೆ ಬೇರೆ ಕಡೆ ಅಗೆದರಂತೆ). ಇವರು ಎಲೆ ಗುಡಿಸುವ ನೆಪದಲ್ಲಿ ನಸುಕಿಗೇ ಹೋಗಿ, ಗುಂಡಿ ತೆರೆದು, ಪೆಟ್ಟಿಗೆ ಬಿಚ್ಚಿ, ಸಾಮಾನನ್ನೂ ಪೆಟ್ಟಿಗೆಯ ಹಲಗೆಯನ್ನೂ ತಳ್ಳುಗಾಡಿಯಲ್ಲಿ ಒಣ ಎಲೆಯ ಕೆಳಗೆ ಸಾಗಿಸಿದರು. ಇಪ್ಪತ್ತಮೂರು ಸಲ. ಎಲ್ಲಿ ಹೊಸದಾಗಿ ಅಗೆದರೂ ಅನುಮಾನ ಬರುತ್ತಿತ್ತು. ಸ್ಮಶಾನದಲ್ಲಿ ಅಗೆದರೆ ಯಾರೂ ಕೇಳುವುದಿಲ್ಲ, ಆ ವರ್ಷ ದಿನಕ್ಕೊಂದು ಗೋರಿ ಏಳುತ್ತಿತ್ತು. ಹೆಂಡತಿಯ ಪಕ್ಕದಲ್ಲಿ ಅಗೆದರು. ಕಾವಲಿನವನೊಬ್ಬ ಬಂದು ಯಾರು ಸತ್ತಿದ್ದು ಎಂದು ಕೈಸನ್ನೆಯಲ್ಲಿ ಕೇಳಿದಾಗ, ನಮ್ಮವರು ಎಂದರಂತೆ.

ಆದರೆ ಶಿಲುಬೆಗೆ ಒಂದು ಹೆಸರು ಬೇಕಿತ್ತು.

"ಊರವರ ಹೆಸರು ಬರೆದ್ರೆ ಊರವರಿಗೆ ಗೊತ್ತಾಗುತ್ತೆ. ಪಾಲಕರ ಹೆಸರು ಬರೆದೆ. ಅವರು ತಿರುಗಿ ಬಂದು ನೋಡ್ತಾರೆ, ಅಯ್ಯೋ ನಾನಿನ್ನೂ ಸತ್ತಿಲ್ಲವಲ್ಲ, ಪಹೋಮ್ ಏನೋ ಬಚ್ಚಿಟ್ಟಿದ್ದಾನೆ ಅಂತ ಅವರಿಗೆ ತಟ್ಟನೆ ತಿಳಿಯುತ್ತೆ. ನಗ್ತಾರೆ ಅಂದ್ಕೊಂಡೆ."

ಅವರು ಬರಲಿಲ್ಲ. 44ರಲ್ಲಿ ನಮ್ಮ ಸೈನ್ಯ ಬಂದ ಮೇಲೆ, ಪಾಲಕರು ತೀರಿಹೋದರು ಎಂದು ಯಾರೋ ಹೇಳಿದರು. ಅವತ್ತಿನಿಂದ ಈ ಮುದುಕರು ಬಾಯಿ ಮುಚ್ಚಿಕೊಂಡಿದ್ದಾರೆ.

"ಬದುಕಿದ್ದೋರ ಹೆಸರಿಗೆ ಶಿಲುಬೆ ನೆಟ್ಟೆ, ತಾಯಿ. ನನ್ನ ಕೈಯಾರೆ ಕೊರೆದೆ. ಅದಕ್ಕೇ ಅವರು ಹೋದ್ರು. ಗುಂಡಿ ತೆಗೆದ್ರಲ್ಲ ನೀವು, ಅವತ್ತು ಹೇಳಬೇಕಂತಲೇ ಬಂದಿದ್ದೆ. ಬಾಯಿ ಏಳಲಿಲ್ಲ. ಹೇಳಿದ್ರೆ ಇದನ್ನೂ ಹೇಳಬೇಕಲ್ಲ."

ಗ್ಲಫೀರಾ ಸೆರಗಿನಂಥ ತನ್ನ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ನಾನು ಕೇಳಿದೆ, ಶಿಲುಬೆ ಕೊರೆದದ್ದು ಯಾವ ತಿಂಗಳು ಎಂದಿರಿ. ಅಕ್ಟೋಬರ್, ಎಂದರು, ಪೊಕ್ರೋವ್ ಹಬ್ಬ ಕಳೆದು ಒಂದು ವಾರ.

"ಆರ್ಸೆನಿ ಗವ್ರಿಲೊವಿಚ್ ತೀರಿಕೊಂಡಿದ್ದು ಫೆಬ್ರವರಿ ಹನ್ನೊಂದು" ಎಂದೆ. "ಅದೇ ವರ್ಷದ ಫೆಬ್ರವರಿ. ನೀವು ಕೊರೆಯುವ ಹೊತ್ತಿಗೆ ಅವರು ಹೋಗಿ ಎಂಟು ತಿಂಗಳಾಗಿತ್ತು, ಪಹೋಮ್ ಸವೇಲ್ಯಿಚ್."

ಅವರು ಬೆರಳು ಮಡಿಸಿದರು. ಫೆಬ್ರವರಿ, ಮಾರ್ಚ್, ಏಪ್ರಿಲ್. ಒಂದು ಕೈ ಮುಗಿಯಿತು, ಇನ್ನೊಂದು ಕೈಗೆ ಹೋದರು. ಅಕ್ಟೋಬರ್ ತನಕ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿದರು. ನಾನು ಖಚಿತವಾಗಿ ಹೇಳುತ್ತಿದ್ದೇನಾ ಎಂದು ಕೇಳಿದರು. ಕಾಗದವಿದೆ, ಓದಿ ತೋರಿಸುತ್ತೇನೆ ಎಂದೆ. ಆಮೇಲೆ ಹೆಂಡತಿಯ ಗೋರಿಯ ಅಂಚಿನ ಮೇಲೆ ಕೂತುಬಿಟ್ಟರು, ಕೊಂಬೆಗಳನ್ನು ಮಡಿಲಲ್ಲಿಟ್ಟುಕೊಂಡು.

"ಹಾಗಾದ್ರೆ ಹೋಗಿದ್ದೋರಿಗೇ ಬರೆದೆ" ಎಂದರು. ಕೊಂಬೆಯ ಎಲೆ ಸವರುತ್ತ, "ಆಗಲಿ. ಆಗಲಿ ಬಿಡಿ" ಎಂದರು. ಅಷ್ಟು ಉದ್ದದ ಉಸಿರನ್ನು ನಾನು ಯಾರಿಂದಲೂ ಕೇಳಿಲ್ಲ.

ನಾನೂ ಅವರ ಪಕ್ಕ ಕೂತೆ. ಯಾವಾಗ ಅಳಲು ಶುರು ಮಾಡಿದೆನೋ ತಿಳಿಯದು. ಪಾಲಕರಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದೆ, ನೋಡಿದರೆ ಅಮ್ಮನಿಗಾಗಿ ಅಳುತ್ತಿದ್ದೆ. ಅಮ್ಮನೂ ಅದೇ ಚಳಿಗಾಲ, ಅದೇ ನಗರ. ಅವಳದ್ದೂ ಎಲ್ಲೂ ಶಿಲುಬೆಯಿಲ್ಲ. ಗ್ಲಫೀರಾ ಇಬ್ಬರಿಗೂ ಒಂದೊಂದು ತುಂಡು ರೊಟ್ಟಿ ಕೊಟ್ಟಳು. ತಿಂದೆವು.

ಜೂನ್ 10

ಗುಝೊವ್ ಬಳಿ ಹೋಗಿ, ಬರೆದುಕೊಡುವುದೇನೂ ಇಲ್ಲ ಎಂದೆ. ಪೆಟ್ಟಿಗೆಯ ವಿಷಯ ಹೇಳಿದೆ. ಅವನು ಎದ್ದು ಕಿಟಕಿ ತೆರೆದ. "ಒಂದು ವಾರದಿಂದ ನಾನೂ ಊಟ ಬಿಟ್ಟಿದ್ದೆ ಕಣ್ರೀ" ಎಂದ.

ಜೂನ್ 11

ತಾವೇ ಅಗೆಯುತ್ತೇನೆ, ಬೇರೆಯವರು ಮುಟ್ಟುವುದು ಬೇಡ ಎಂದರು ಪಹೋಮ್ ಸವೇಲ್ಯಿಚ್. ಎರಡು ಮೊಳ ಅಗೆದು ಬೆನ್ನು ಹಿಡಿದುಕೊಂಡರು. ಗ್ಲಫೀರಾ ಸಲಿಕೆ ಕಿತ್ತುಕೊಂಡು, ಅಜ್ಜಾ, ನಾವು ಮೂವರೂ ನಿಮ್ಮ ಕೈ ಅಂದ್ಕೊಳ್ಳಿ, ನೀವು ಮಾತು ಹೇಳ್ತಾ ಹೋಗಿ, ಎಂದಳು. ಹಾಗೇ ಮಾಡಿದೆವು. ಗುಝೊವ್ ಒಂದೇ ಕೈಯಲ್ಲಿ ಮಣ್ಣು ಎತ್ತಿ ಹಾಕಿದ.

ಮೇಲೆ ಜರ್ಮನರದೇ ಡೇರೆಯ ರಬ್ಬರು ಬಟ್ಟೆ, ಮಡಿಕೆ ಮಡಿಕೆಯಾಗಿ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಒಣಗಲು ಹಾಕಿದ್ದರು, ಎಂದರು. ಅವರ ಮುಖದಲ್ಲಿ ಮೊದಲ ಬಾರಿಗೆ ಒಂದು ತುಂಟತನ ಕಂಡೆ.

ಜೂನ್ 12

ಎಲ್ಲವನ್ನೂ ಕಾವಲುಮನೆಯ ನೆಲದಲ್ಲಿ ಹರಡಿದ್ದೇವೆ. ಕಾಲಿಡಲು ಜಾಗವಿಲ್ಲ. ಗ್ಲಫೀರಾ ಒಲೆಯ ಮೇಲಿನ ಕಟ್ಟೆಯಲ್ಲಿ ಕಾಲು ಮಡಿಸಿ ಕೂತು ಅಲ್ಲಿಂದಲೇ ಅಡುಗೆ ಮಾಡುತ್ತಾಳೆ.

ದುಂಡು ಸಭಾಂಗಣದ ನೆಲದ ಒಂದು ಚೌಕ: ಏಳೂ ಮರ ಇವೆ, ತುಸು ಉಬ್ಬಿದೆ, ಒಣಗಿದರೆ ಇಳಿಯುತ್ತದೆ. ಗಾರೆಬಳ್ಳಿಯ ಒಂದು ಗೊಂಚಲು. ಒಲೆಯ ನಾಲ್ಕು ಬಿಲ್ಲೆ, ಒಂದರಲ್ಲಿ ಹಡಗು, ಒಂದರಲ್ಲಿ ಮೀನು ಹಿಡಿಯುವವನು. ಹಂಸದ ಕೊರಳಿನ ಹಿತ್ತಾಳೆ ಹಿಡಿಕೆ. ಓದುಕೋಣೆಯ ತಿಳಿನೇರಳೆ ಬಣ್ಣದ ಹಲಗೆ. ಊಟದ ಕೋಣೆಯ ಚಿನ್ನದ ರೇಕಿನ ಚೌಕಟ್ಟು ಒಂದು ಮೂಲೆ. ಕನ್ನಡಿಯ ಒಂದು ಚೂರು, ಹಿಂದೆ ಹಳೆಯ ಪಾದರಸ. ತಗಡಿನ ಕೊಳವೆಯಲ್ಲಿ ಆರ್ಸೆನಿ ಗವ್ರಿಲೊವಿಚರು ಪ್ರತಿ ಗೋಡೆ ಅಳೆದು ಬರೆದ ನಕ್ಷೆಗಳು, ಒಂದೂ ಹಾಳಾಗಿಲ್ಲ.

ರೇಷ್ಮೆಯನ್ನು ಕೊನೆಗೆ ಬಿಚ್ಚಿದೆ. ಹಕ್ಕಿ ಪೂರ್ತಿ ಇದೆ, ಬಾಲದ ತುದಿ ತನಕ. ನನ್ನ ಕತ್ತರಿ ಸ್ವಲ್ಪವೂ ಸೊಟ್ಟ ಹೋಗಿಲ್ಲ. ಅಷ್ಟು ಅಳುತ್ತ ಕತ್ತರಿಸಿದ್ದೆ, ಆದರೂ ನೇರವಾಗಿ ಕತ್ತರಿಸಿದ್ದೇನೆ.

ಜೂನ್ 16

ಗೋರಿಯ ಗುಂಡಿ ಮುಚ್ಚಿದೆವು. ಶಿಲುಬೆ ಏನು ಮಾಡುವುದು ಎಂದು ಗುಝೊವ್ ಕೇಳಿದ. ಇರಲಿ ಎಂದರು ಪಹೋಮ್ ಸವೇಲ್ಯಿಚ್. ಆ ಮನುಷ್ಯನಿಗೆ ಬೇರೆ ಕಡೆ ಜಾಗವೆಲ್ಲಿದೆ. ನಾನು ಅಮ್ಮನ ಹೆಸರನ್ನೂ ಅದರ ಕೆಳಗೆ ಕೊರೆದುಕೊಡಿ ಎಂದು ಕೇಳಿದೆ. ಕೊರೆದರು. ಗ್ಲಫೀರಾ ತನ್ನ ಇಬ್ಬರು ತಮ್ಮಂದಿರ ಹೆಸರು ಹೇಳಿದಳು. ಗುಝೊವ್ ಆಚೆ ತಿರುಗಿ ಸಿಗರೇಟು ಸೇದುತ್ತಿದ್ದವನು, ಕೊನೆಗೆ ಬಂದು ಮೂರು ಹೆಸರು ಹೇಳಿದ, ಎರಡು ಪುಟ್ಟ ಮಕ್ಕಳವು. ಹಲಗೆ ಸಾಲಲಿಲ್ಲ. ಇನ್ನೊಂದು ಅಡ್ಡಪಟ್ಟಿ ಹೊಡೆದರು.

ಜುಲೈ 4

ಸಮಿತಿ ಬಂದು ಹೋಯಿತು. ಐದು ಜನ, ಇಕ್ಕಟ್ಟಾದ ಒಂದೇ ಕಾರು. ಮುಖ್ಯಸ್ಥ ವೆರ್ಬೀತ್ಸ್ಕಿಗೆ ಅವಸರ. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, ಇದು ಆಗುವ ಕೆಲಸವಲ್ಲ ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.

ನಾವು ಮೇಜಿನ ಮೇಲೆ ಜೋಡಿಸಿಟ್ಟು ತೋರಿಸಲಿಲ್ಲ. ಪ್ರತಿ ತುಂಡನ್ನೂ ಅದರದೇ ಕೋಣೆಯಲ್ಲಿ ಇಟ್ಟಿದ್ದೆವು. ಇದು ಗ್ಲಫೀರಾಳ ಯೋಚನೆ. ಹೆಂಗಸರು ಎರಡು ದಿನ ಕಸ ಬಳಿದು ನೆಲ ತೊಳೆದಿದ್ದರು. ದುಂಡು ಸಭಾಂಗಣದ ನಡುವೆ ಆ ಒಂದು ಚೌಕ ಮಾತ್ರ, ಮೇಣ ತಿಕ್ಕಿ ಹೊಳೆಯುತ್ತಿತ್ತು. ಸುತ್ತ ಬರೀ ಇಟ್ಟಿಗೆ. ಛಾವಣಿಯಿಲ್ಲದ್ದರಿಂದ ಬಿಸಿಲು ನೇರ ಅದರ ಮೇಲೆ. ಸಮಿತಿಯ ಒಬ್ಬ ವಯಸ್ಸಾದ ವಾಸ್ತುಶಿಲ್ಪಿ ಅದನ್ನು ತುಳಿಯದೆ ಸುತ್ತು ಹಾಕಿ ಹೋದರು. ಅವರನ್ನು ನೋಡಿ ಉಳಿದವರೂ ಸುತ್ತು ಹಾಕಿದರು. ನೆಲವೇ ಇಲ್ಲದ ಕಡೆ, ನೆಲ ಇದೆ ಎನ್ನುವ ಹಾಗೆ ಎಲ್ಲರೂ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು.

ರೇಷ್ಮೆ ಕೋಣೆಯಲ್ಲಿ ಹಳೆಯ ಮೊಳೆಸಾಲಿಗೇ ಆ ತುಂಡನ್ನು ಹಿಡಿದು ನಿಂತೆ. ಆ ಹಿರಿಯರು ಟೋಪಿ ತೆಗೆದರು. ಇವನ್ನು ಯಾರು ಉಳಿಸಿದರು ಎಂದು ವೆರ್ಬೀತ್ಸ್ಕಿ ಕೇಳಿದ. ನಮ್ಮ ತೋಟದ ಹಿರಿಯರು ಪಹೋಮ್ ಸವೇಲ್ಯಿಚ್ ಎಂದೆ. ಕರೆಯಿರಿ ಎಂದ. ಅವರು ಬರಲಿಲ್ಲ, ಸೌತೆ ಪಾತಿಗೆ ನೀರು ಬಿಟ್ಟಿದ್ದೇನೆ, ಆಮೇಲೆ ಬರುತ್ತೇನೆ ಎಂದು ಹೇಳಿ ಕಳಿಸಿದರು. ವೆರ್ಬೀತ್ಸ್ಕಿ ತಾನೇ ಪಾತಿಯ ತನಕ ನಡೆದು ಹೋಗಿ ಕೈ ಕುಲುಕಿದ.

ತೀರ್ಮಾನ ಹೇಳದೆ ಹೋದರು. ಹೇಳದಿದ್ದರೂ ಇವತ್ತು ಮನಸ್ಸು ಹಗುರ. ನನ್ನ ಅಕ್ಕ ನೀನಾ ಲೆನಿನ್‌ಗ್ರಾಡಿನಿಂದ ಮತ್ತೆ ಬರೆದಿದ್ದಾಳೆ, ನನಗೆಂದು ಅವಳು ನೋಡಿಟ್ಟ ಗ್ರಂಥಾಲಯದ ಕೆಲಸ ಇನ್ನೂ ಖಾಲಿ ಇದೆಯಂತೆ, ಅಲ್ಲಿಗೆ ಬರಬೇಕಂತೆ. ಆ ಕಾಗದ ಎಲ್ಲಿಟ್ಟೆನೋ, ಸಿಗುತ್ತಿಲ್ಲ.

ಆಗಸ್ಟ್ 8

ಪಟ್ಟಿ ಬಂತು. ಗುಝೊವ್ ಓಡುತ್ತ ತಂದ. ಎರಡನೇ ಪುಟದಲ್ಲಿ ಝತೀಶ್ಯೆ: ಉಳಿಸಬೇಕು, ಚಳಿಗಾಲದೊಳಗೆ ತಾತ್ಕಾಲಿಕ ಛಾವಣಿ, ಮಾದರಿಗಳ ಮೇಲಿಂದ ಏಳೂ ಕೋಣೆಗಳ ಪುನರ್‌ರಚನೆ.

ಪಹೋಮ್ ಸವೇಲ್ಯಿಚ್ ಎಲೆಕೋಸಿನ ಮಡಿಯಲ್ಲಿದ್ದರು. ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ. ಎಷ್ಟು ವರ್ಷ ಹಿಡಿಯುತ್ತದೆ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ರೇಷ್ಮೆ ನೇಯುವವರು ಸಿಗಬೇಕು, ನೆಲ ಜೋಡಿಸುವವರಿಗೆ ಮೊದಲು ಕಲಿಸಬೇಕು. ಇಪ್ಪತ್ತು ವರ್ಷ, ಹೆಚ್ಚೂ ಆಗಬಹುದು ಎಂದೆ.

ಅವರು ಸೊಂಟ ನೆಟ್ಟಗೆ ಮಾಡಿ ಅರಮನೆಯ ತನಕದ ಬಯಲನ್ನು ನೋಡಿದರು. ಅಲ್ಲಿ ದಾರಿಯ ಎರಡೂ ಬದಿ ಲಿಪಾ ಎಂಬ ನೆರಳಿನ ಮರಗಳ ಸಾಲಿತ್ತು, ಎಲ್ಲವನ್ನೂ ಕಡಿದಿದ್ದಾರೆ.

"ಇಪ್ಪತ್ತು ವರ್ಷ ಅಂದ್ರೆ ಲಿಪಾ ಸರಿಯಾಗಿ ನೆರಳು ಕೊಡೋಕೆ ಬರುತ್ತೆ" ಎಂದರು. "ಈ ಅಕ್ಟೋಬರ್‌ನಲ್ಲೇ ನೆಡಬೇಕು ತಾಯಿ. ತಡ ಮಾಡಿದ್ರೆ, ಅರಮನೆ ಮುಗಿದಿರುತ್ತೆ, ನೋಡೋಕೆ ಬಂದ ಜನ ಬಿಸಿಲಲ್ಲಿ ನಿಂತಿರ್ತಾರೆ. ಈಗ್ಲೇ ಗುರುತು ಹಾಕಿಡೋಣ. ಹಗ್ಗ ಹಿಡೀತೀರಾ?"

ಹಿಡಿದೆ. ಗ್ಲಫೀರಾ ಗೂಟ ಹೊಡೆದಳು. ಸಂಜೆಯ ತನಕ ಎಡಸಾಲಿನ ಹದಿನೆಂಟು ಗುರುತು ಮುಗಿಸಿದೆವು. ಎರಡು ಸಲ ನಾನು ಹಗ್ಗ ಸಡಿಲ ಬಿಟ್ಟೆ, ಬೈಸಿಕೊಂಡೆ. ಬಲಸಾಲು ನಾಳೆ.